ಆರು ಮಂತ್ರ, ಎದುರಿಗೆ ಮಹಾರಣ್ಯ

ಊಟದ ಮೇಜಿನ ಸುತ್ತ ಐವರು ಕುಳಿತಿದ್ದಾರೆ. ಮೇಜಿನ ಮೇಲೆ ಚದುರಂಗದ ಹಾಸಿಲ್ಲ, ಇಸ್ಪೀಟಿನ ಎಲೆಗಳಿಲ್ಲ. ಪ್ರತಿಯೊಬ್ಬರ ಮುಂದೆ ಒಂದು ಹಾಳೆ, ಒಂದು ಸೀಸದ ಕಡ್ಡಿ, ಬಣ್ಣಬಣ್ಣದ ಕೆಲವು ದಾಳಗಳು, ಅಷ್ಟೆ. ನಾಲ್ವರು ಸಿದ್ಧರಾಗಿದ್ದಾರೆ. ಐದನೆಯವಳಾದ ತರುಣಿಯೊಬ್ಬಳು ಮಾತ್ರ ಸೀಸದ ಕಡ್ಡಿಯ ತುದಿಯನ್ನು ಕಚ್ಚುತ್ತ, ಬರೆದುದನ್ನು ಅಳಿಸುತ್ತ, ಅಳಿಸಿದುದನ್ನು ಮತ್ತೆ ಬರೆಯುತ್ತ ಹದಿನೈದು ನಿಮಿಷಗಳಿಂದ ಕುಳಿತಿದ್ದಾಳೆ. “ಇನ್ನೂ ಆಗಲಿಲ್ಲವೆ?” ಎಂದು ಪಕ್ಕದವನು ಕೇಳುತ್ತಾನೆ. ಅವಳು ತಲೆಯೆತ್ತುವುದಿಲ್ಲ. ಅವಳು ಆರಿಸಬೇಕಾದುದು ಆರೇ ಆರು ಮಂತ್ರಗಳನ್ನು. ಆ ಆರರ ಮೇಲೆ ನಾಲ್ಕು ಜೀವಗಳು ನಿಂತಿವೆ.

ಜೀವಗಳೆಂದರೆ ಕಾಗದದ ಮೇಲಿನ ಜೀವಗಳು, ನಿಜ. ಆದರೆ ಒಂದು ವರ್ಷಕಾಲ ವಾರಕ್ಕೊಮ್ಮೆ ತಾನೇ ಆಡಿ, ನುಡಿಸಿ, ಬೆಳೆಸಿದ ಪಾತ್ರವೊಂದು ಸತ್ತಾಗ ವಯಸ್ಕರೂ ಕಣ್ಣೀರು ಹಾಕುವುದುಂಟು. ಕಾದಂಬರಿಯ ನಾಯಕಿ ತೀರಿಕೊಂಡಾಗ ಅತ್ತವರಿಗೆ ಇದು ವಿಚಿತ್ರವೆನಿಸಲಾರದು. ಈ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದಲ್ಲಿ ಹುಟ್ಟಿ ಇಂದು ಲೋಕದ ಅನೇಕ ಕಡೆಗಳಲ್ಲಿ ಆಡಲ್ಪಡುತ್ತಿರುವ ಈ ಆಟವನ್ನು ಆಟವೆನ್ನಬೇಕೋ, ಕಥೆಯೆನ್ನಬೇಕೋ, ನಾಟಕವೆನ್ನಬೇಕೋ ಎಂಬುದು ನೋಡಿದವರಿಗೆ ತೋಚುವುದಿಲ್ಲ. ಮೂರೂ ಅದರಲ್ಲಿವೆ.

ಆಟ ಹುಟ್ಟಿದ ಬಗೆ

ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ ಲೇಕ್ ಜಿನೀವಾ ಎಂಬ ಪುಟ್ಟ ಊರಿದೆ. ವಿಮಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡಿದ್ದ ಗ್ಯಾರಿ ಗೈಗ್ಯಾಕ್ಸ್ ಎಂಬಾತ ಅಲ್ಲಿದ್ದ. ನೆರೆಯ ಮಿನೆಸೋಟಾದಲ್ಲಿ ಡೇವ್ ಆರ್ನೆಸನ್ ಎಂಬ ಮತ್ತೊಬ್ಬ. ಇಬ್ಬರಿಗೂ ಪುಟ್ಟ ಗೊಂಬೆಗಳ ಸೈನ್ಯವನ್ನು ಮೇಜಿನ ಮೇಲೆ ನಿಲ್ಲಿಸಿ ಯುದ್ಧದ ಆಟ ಆಡುವ ಹುಚ್ಚು. ಸೈನ್ಯದ ಬದಲು ಒಬ್ಬೊಬ್ಬ ಆಟಗಾರನೂ ಒಬ್ಬನೇ ವೀರನ ಪಾತ್ರವನ್ನು ವಹಿಸಿದರೆ ಹೇಗೆ, ರಣರಂಗದ ಬದಲು ಕಗ್ಗತ್ತಲೆಯ ನೆಲಮಾಳಿಗೆಯನ್ನು ಹೊಕ್ಕರೆ ಹೇಗೆ ಎಂಬ ಯೋಚನೆ ಆರ್ನೆಸನ್ನನ ಮೇಜಿನ ಮೇಲೆ ಮೊಳೆಯಿತು. ಇಬ್ಬರೂ ಸೇರಿ ಅದಕ್ಕೆ ನಿಯಮಗಳನ್ನು ಕಟ್ಟಿದರು. ೧೯೭೪ರಲ್ಲಿ ಮೂರು ಕಿರುಹೊತ್ತಗೆಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಹತ್ತು ಡಾಲರ್ ಬೆಲೆಗೆ, ಒಂದು ಸಾವಿರ ಪ್ರತಿಗಳನ್ನು ಹೊರತಂದರು. ಗೈಗ್ಯಾಕ್ಸ್ ೨೦೦೮ರಲ್ಲಿಯೂ ಆರ್ನೆಸನ್ ೨೦೦೯ರಲ್ಲಿಯೂ ತೀರಿಕೊಂಡರು. ಆಟ ಮಾತ್ರ ಹಲವು ಆವೃತ್ತಿಗಳನ್ನು ಕಂಡು ಮುಂದುವರಿದಿದೆ.

ಆಡುವ ಕ್ರಮ ಸರಳ. ಐವರಲ್ಲಿ ಒಬ್ಬನು ಸೂತ್ರಧಾರ. ಕಾಡು, ಕೋಟೆ, ಊರು, ಶತ್ರು, ಮಳೆ, ಬಿಸಿಲು ಎಲ್ಲವೂ ಅವನ ಮಾತಿನಲ್ಲಿ ಮೂಡಬೇಕು. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, ತಾವು ಏನು ಮಾಡುವೆವೆಂದು ಹೇಳುತ್ತಾರೆ. ಮಾಡಹೊರಟ ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖಗಳ ದಾಳವೊಂದು ತೀರ್ಮಾನಿಸುತ್ತದೆ. ಸೋಲು ಗೆಲುವುಗಳು ಆಟಗಾರರ ನಡುವೆ ಇಲ್ಲ; ಎಲ್ಲರೂ ಒಂದೇ ದೋಣಿಯಲ್ಲಿ ಕುಳಿತವರು.

ಕಾಡಿನ ಪುರೋಹಿತರು

ಪಾತ್ರಗಳಲ್ಲಿ ಹಲವು ಬಗೆ. ಕತ್ತಿ ಹಿಡಿದ ಯೋಧ, ಬೀಗ ಮುರಿಯುವ ಕಳ್ಳ, ಗ್ರಂಥ ಹಿಡಿದ ಮಾಂತ್ರಿಕ. ಇವರ ನಡುವೆ ಕಾಡಿಗೆ ಸೇರಿದವರು ಮುಖ್ಯವಾಗಿ ಇಬ್ಬರು: ಡ್ರೂಯಿಡ್ ಮತ್ತು ರೇಂಜರ್.

ಡ್ರೂಯಿಡರು ಬರಿಯ ಕಲ್ಪನೆಯಲ್ಲ. ಪ್ರಾಚೀನ ಗಾಲ್ ದೇಶದಲ್ಲಿಯೂ ಬ್ರಿಟನ್ನಿನಲ್ಲಿಯೂ ಆ ಹೆಸರಿನ ಪುರೋಹಿತವರ್ಗವಿತ್ತು. ರೋಮಿನ ಜೂಲಿಯಸ್ ಸೀಸರನು ಗಾಲ್ ಯುದ್ಧವನ್ನು ಕುರಿತು ಬರೆದ ಗ್ರಂಥದಲ್ಲಿ ಅವರ ವಿಷಯ ಬರುತ್ತದೆ. ಅವರು ತಮ್ಮ ವಿದ್ಯೆಯನ್ನು ಬರೆದಿಡುವುದನ್ನು ಸಲ್ಲದೆಂದು ತಿಳಿದಿದ್ದರು. ಎಲ್ಲವನ್ನೂ ಪದ್ಯರೂಪದಲ್ಲಿ ಬಾಯಿಪಾಠ ಮಾಡಬೇಕಾಗಿತ್ತು. ಕೆಲವರು ಇಪ್ಪತ್ತು ವರ್ಷಗಳವರೆಗೂ ಕಲಿಯುತ್ತಿದ್ದರು ಎಂದು ಆತ ಬರೆದಿದ್ದಾನೆ. ವೇದಗಳನ್ನು ಕಂಠಸ್ಥ ಮಾಡಿ ಕಾಪಾಡಿಕೊಂಡು ಬಂದ ನಾಡಿನವರಿಗೆ ಈ ಪದ್ಧತಿ ಅಪರಿಚಿತವಲ್ಲ. ಪ್ಲಿನಿ ಎಂಬ ಮತ್ತೊಬ್ಬ ರೋಮನ್ ಲೇಖಕನು, ಬಿಳಿಯ ಉಡುಪು ತೊಟ್ಟ ಡ್ರೂಯಿಡನು ಓಕ್ ಮರವನ್ನೇರಿ ಅದರ ಮೇಲೆ ಬೆಳೆದ ಬಂದಳಿಕೆಯನ್ನು ಚಿನ್ನದ ಕುಡುಗೋಲಿನಿಂದ ಕೊಯ್ಯುತ್ತಿದ್ದನೆಂದು ವರ್ಣಿಸಿದ್ದಾನೆ. ಆಟದೊಳಗೆ ಡ್ರೂಯಿಡನು ೧೯೭೬ರಲ್ಲಿ ಆಟಗಾರರು ವಹಿಸಬಹುದಾದ ಪಾತ್ರವಾಗಿ ಬಂದಾಗ ಈ ಬಂದಳಿಕೆಯೂ ಅವನೊಡನೆ ಬಂದಿತು. ಇಂದಿಗೂ ಅದರ ಒಂದು ಚಿಗುರನ್ನು ಕೈಯಲ್ಲಿ ಹಿಡಿದು ಅವನು ಮಂತ್ರ ನುಡಿಯಬಹುದು.

ರೇಂಜರನು ೧೯೭೫ರಲ್ಲಿ ಆಟದ ಪತ್ರಿಕೆಯೊಂದರಲ್ಲಿ ಮೊದಲು ಕಾಣಿಸಿಕೊಂಡ. ಟೋಲ್ಕಿನ್ನನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಯ ವನಚಾರಿ ವೀರ ಆರಗಾರ್ನನ ನೆರಳು ಅವನ ಮೇಲೆ ದಟ್ಟವಾಗಿ ಬಿದ್ದಿದೆ. ಅವನು ಮೊದಲು ಬೇಟೆಗಾರ, ಯೋಧ. ಆಮೇಲೆ ಅಷ್ಟಿಷ್ಟು ಮಂತ್ರ ಬಲ್ಲವ.

ಮರೆತುಹೋಗುವ ಮಂತ್ರ

ಮಂತ್ರಗಳನ್ನು ಏಕೆ ಆರಿಸಬೇಕು? ಬಲ್ಲವನು ಬಲ್ಲದ್ದನ್ನೆಲ್ಲ ಬೇಕೆಂದಾಗ ಬಳಸಬಾರದೆ? ಬಳಸಬಾರದೆಂಬ ಕಟ್ಟಳೆಯಲ್ಲಿಯೇ ಆಟದ ಸ್ವಾರಸ್ಯವಿದೆ. ಜಾಕ್ ವಾನ್ಸ್ ಎಂಬ ಅಮೆರಿಕನ್ ಕಥೆಗಾರನ ‘ದಿ ಡೈಯಿಂಗ್ ಅರ್ತ್’ ೧೯೫೦ರಲ್ಲಿ ಪ್ರಕಟವಾಯಿತು. ಅದರ ಮಾಂತ್ರಿಕರು ಒಮ್ಮೆಗೆ ಕೆಲವೇ ಮಂತ್ರಗಳನ್ನು ಮನಸ್ಸಿನಲ್ಲಿ ಹಿಡಿದಿಡಬಲ್ಲರು. ಒಂದನ್ನು ನುಡಿದೊಡನೆ ಅದು ಮನಸ್ಸಿನಿಂದ ಅಳಿಸಿಹೋಗುತ್ತದೆ. ಗೈಗ್ಯಾಕ್ಸನು ಈ ಉಪಾಯವನ್ನು ಮೆಚ್ಚಿ ತನ್ನ ಆಟಕ್ಕೆ ತಂದುಕೊಂಡ.

ಭಾರತದ ಕಥೆಯನ್ನು ಕೇಳಿ ಬೆಳೆದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಇಂದ್ರನು ಕೊಟ್ಟ ಶಕ್ತ್ಯಾಯುಧ ಕರ್ಣನ ಕೈಯಲ್ಲಿತ್ತು. ಆದರೆ ಒಂದೇ ಬಾರಿಗೆ. ಅರ್ಜುನನಿಗೆಂದು ಜೋಪಾನವಾಗಿಟ್ಟುಕೊಂಡಿದ್ದ ಅದನ್ನು ಇರುಳ ಯುದ್ಧದಲ್ಲಿ ಘಟೋತ್ಕಚನ ಮೇಲೆ ಕಳೆಯಬೇಕಾಯಿತು. ಪರಶುರಾಮನ ಶಾಪದಿಂದ ಬೇಕಾದ ಹೊತ್ತಿಗೆ ಮಂತ್ರವೂ ನೆನಪಿಗೆ ಬರಲಿಲ್ಲ. ಅಸ್ತ್ರವಿರುವುದು ಬೇರೆ, ಅದು ಬೇಕಾದ ಗಳಿಗೆಗೆ ಉಳಿದಿರುವುದು ಬೇರೆ.

ಮರೆಯುವ ಕಟ್ಟಳೆ ಈಚಿನ ಆವೃತ್ತಿಗಳಲ್ಲಿ ಸಡಿಲಗೊಂಡಿದೆ. ೨೦೧೪ರ ಐದನೆಯ ಆವೃತ್ತಿಯ ಪ್ರಕಾರ ಡ್ರೂಯಿಡನು ಪ್ರತಿದಿನ ರಾತ್ರಿಯ ವಿಶ್ರಾಂತಿ ಮುಗಿದ ಮೇಲೆ, ತನ್ನ ಮಟ್ಟಕ್ಕೆ ಎಟುಕುವ ಮಂತ್ರಗಳ ದೊಡ್ಡ ಪಟ್ಟಿಯಿಂದ ಕೆಲವನ್ನು ಆರಿಸಿ ಸಿದ್ಧಪಡಿಸಿಕೊಳ್ಳುತ್ತಾನೆ. ಎಷ್ಟು? ಅವನ ಮಟ್ಟಕ್ಕೆ ವಿವೇಕದ ಅಂಕವನ್ನು ಕೂಡಿಸಿದಷ್ಟು. ಮೂರನೆಯ ಮಟ್ಟದವನ ವಿವೇಕದ ಅಂಕ ಮೂರಾದರೆ, ಆರು. ಸಿದ್ಧಪಡಿಸಿದ ಮಂತ್ರವನ್ನು ಎಷ್ಟು ಸಲವಾದರೂ ನುಡಿಯಬಹುದು. ಆದರೆ ದಿನಕ್ಕೆ ಇಷ್ಟೇ ಪ್ರಯೋಗಗಳೆಂಬ ಲೆಕ್ಕವಿದೆ. ಮೂರನೆಯ ಮಟ್ಟದಲ್ಲಿ ಚಿಕ್ಕ ಮಂತ್ರಗಳಿಗೆ ನಾಲ್ಕು ಪ್ರಯೋಗ, ಅದಕ್ಕಿಂತ ದೊಡ್ಡವಕ್ಕೆ ಎರಡು. ಮುಗಿದರೆ ಮುಗಿಯಿತು, ಮರುದಿನದ ಬೆಳಗಿನವರೆಗೆ ಬರಿಗೈ.

ರೇಂಜರನ ಪಾಡು ಇನ್ನೂ ಬಿಗಿ. ಅದೇ ಆವೃತ್ತಿಯಲ್ಲಿ ಅವನಿಗೆ ಎರಡನೆಯ ಮಟ್ಟದಲ್ಲಿ ಎರಡು ಮಂತ್ರ, ಮೂರನೆಯದರಲ್ಲಿ ಮೂರು. ಆರಿಸಿದುದನ್ನು ಬದಲಾಯಿಸಬೇಕಾದರೆ ಮುಂದಿನ ಮಟ್ಟಕ್ಕೆ ಏರುವವರೆಗೆ ಕಾಯಬೇಕು; ಆಗಲೂ ಒಂದನ್ನು ಮಾತ್ರ. ಡ್ರೂಯಿಡನ ಆಯ್ಕೆ ದಿನದಿನದ ತರಕಾರಿ ಕೊಂಡಂತೆ. ರೇಂಜರನದು ಪಾತ್ರೆಪಡಗ ಕೊಂಡಂತೆ. ತರಕಾರಿ ಇಂದು ಕೆಟ್ಟರೆ ನಾಳೆ ಬೇರೆ ತರಬಹುದು. ಪಾತ್ರೆಯೊಡನೆ ಬಹುಕಾಲ ಬಾಳಬೇಕು. ೨೦೨೪ರ ಪರಿಷ್ಕೃತ ನಿಯಮಗಳು ಅವನ ಮೇಲೆ ಕೃಪೆದೋರಿ, ರಾತ್ರಿಯ ವಿಶ್ರಾಂತಿಯ ಅನಂತರ ಒಂದು ಮಂತ್ರವನ್ನು ಬದಲಾಯಿಸಿಕೊಳ್ಳಲು ಅನುಮತಿ ಕೊಟ್ಟಿವೆ.

ಮೊದಲ ಪಟ್ಟಿ

ಈಗ ಮೇಜಿನ ಬಳಿಯ ತರುಣಿಯತ್ತ ಮರಳೋಣ. ೨೦೧೪ರ ನಿಯಮಗಳಂತೆ ಆಡುತ್ತಿರುವ ಅವಳದು ಮೂರನೆಯ ಮಟ್ಟದ ಡ್ರೂಯಿಡ್ ಪಾತ್ರ. ಬೆಟ್ಟದಾಚೆಯ ಹಳ್ಳಿಯೊಂದರಲ್ಲಿ ವಿಷಮಜ್ವರ ಹರಡಿದೆ, ಮದ್ದಿನ ಪೆಟ್ಟಿಗೆಯನ್ನು ಕಾಡಿನ ಹಾದಿಯಾಗಿ ಮರುದಿನ ಸೂರ್ಯೋದಯದೊಳಗೆ ಮುಟ್ಟಿಸಬೇಕೆಂಬುದು ಸೂತ್ರಧಾರನ ಕಥೆ ಎಂದಿಟ್ಟುಕೊಳ್ಳೋಣ. ಜೊತೆಗೆ ಒಬ್ಬ ಯೋಧ, ಒಬ್ಬ ಕಳ್ಳ, ಒಬ್ಬ ಮಾಂತ್ರಿಕ. ಗಾಯ ಮಾಯಿಸಬಲ್ಲವಳು ಅವಳೊಬ್ಬಳೇ.

ಅವಳು ಮೊದಲು ಬರೆದ ಪಟ್ಟಿ ನೋಡುವುದಕ್ಕೆ ಸೊಗಸಾಗಿತ್ತು. ಬೆಳದಿಂಗಳ ಕಂಬವನ್ನು ಆಕಾಶದಿಂದ ಇಳಿಸಿ ಶತ್ರುವನ್ನು ಸುಡುವ ‘ಮೂನ್‌ಬೀಮ್’. ನೆಲದಲ್ಲಿ ಮುಳ್ಳುಗಳನ್ನೆಬ್ಬಿಸುವ ‘ಸ್ಪೈಕ್ ಗ್ರೋತ್’. ಹುಲ್ಲು ಬಳ್ಳಿಗಳಿಂದ ಶತ್ರುವಿನ ಕಾಲು ಕಟ್ಟುವ ‘ಎಂಟ್ಯಾಂಗಲ್’. ಅಡಗಿದವರ ಮೈಸುತ್ತ ಬೆಳಕು ಹಚ್ಚುವ ‘ಫೇರಿ ಫೈರ್’. ತಂಡದವರ ಹೆಜ್ಜೆಯ ಗುರುತನ್ನೂ ಸಪ್ಪಳವನ್ನೂ ಮರೆಸುವ ‘ಪಾಸ್ ವಿದೌಟ್ ಟ್ರೇಸ್’. ಕೊನೆಗೆ ದೂರದಿಂದಲೇ ಒಂದು ಮಾತು ನುಡಿದು ಗಾಯಾಳುವನ್ನು ಎಬ್ಬಿಸುವ ‘ಹೀಲಿಂಗ್ ವರ್ಡ್’.

ಈ ಪಟ್ಟಿಯ ದೋಷ ಅವಳಿಗೆ ತಡವಾಗಿ ಹೊಳೆಯಿತು. ಆಟದಲ್ಲಿ ಏಕಾಗ್ರತೆಯ ನಿಯಮವೊಂದಿದೆ. ಕೆಲವು ಮಂತ್ರಗಳು ನುಡಿದವರ ಮನಸ್ಸು ಅವುಗಳ ಮೇಲೆ ನಿಂತಿರುವವರೆಗೆ ಮಾತ್ರ ಉಳಿಯುತ್ತವೆ. ಅಂತಹ ಮತ್ತೊಂದನ್ನು ನುಡಿದೊಡನೆ ಮೊದಲಿನದು ಕಳಚಿಬೀಳುತ್ತದೆ. ನಡುವೆ ಪೆಟ್ಟು ಬಿದ್ದರಂತೂ ಮನಸ್ಸು ಚದುರಿತೇ ಇಲ್ಲವೇ ಎಂಬುದನ್ನು ದಾಳ ಉರುಳಿಸಿ ನೋಡಬೇಕು. ಅವಳ ಆರು ಮಂತ್ರಗಳಲ್ಲಿ ಐದು ಈ ಜಾತಿಯವು. ಪಾತ್ರೆ ಐದು, ಒಲೆ ಒಂದೇ! ಅನ್ನಕ್ಕಿಟ್ಟರೆ ಸಾರಿಲ್ಲ, ಸಾರಿಗಿಟ್ಟರೆ ಅನ್ನವಿಲ್ಲ. ಹೊಸದಾಗಿ ಡ್ರೂಯಿಡ್ ಪಾತ್ರ ವಹಿಸುವವರು ಬಹುಮಟ್ಟಿಗೆ ಎಡವುವುದು ಈ ಕಲ್ಲನ್ನೇ.

ಎರಡನೆಯ ಪಟ್ಟಿ

ಅವಳು ಪಟ್ಟಿಯನ್ನು ಅಳಿಸಿದಳು. ‘ಯಾವ ಮಂತ್ರ ಚೆನ್ನ?’ ಎಂಬ ಪ್ರಶ್ನೆಯನ್ನು ಬಿಟ್ಟು, ‘ನಾಳೆ ಈ ನಾಲ್ವರಿಗೆ ಏನು ಬೇಕಾದೀತು?’ ಎಂದು ಕೇಳಿಕೊಂಡಳು. ಹಾಗೆ ಕೇಳಿದೊಡನೆ ಉತ್ತರಗಳು ತಾವಾಗಿ ಬಂದವು.

ಪ್ರಾಣ ಮೊದಲು. ‘ಹೀಲಿಂಗ್ ವರ್ಡ್’ ಮಾಯಿಸುವ ಗಾಯ ಅಲ್ಪವೇ. ಆದರೆ ಅದು ಅರವತ್ತು ಅಡಿ ದೂರಕ್ಕೆ ಮುಟ್ಟುತ್ತದೆ. ಆಟದಲ್ಲಿ ನೆಲಕ್ಕೊರಗಿದವನು ತನ್ನ ಸರದಿ ಬಂದಾಗಲೆಲ್ಲ ಸಾವಿನೊಡನೆ ದಾಳವಾಡಬೇಕು. ಮೂರು ಸಲ ಗೆಲ್ಲುವ ಮೊದಲು ಮೂರು ಸಲ ಸೋತರೆ ಪಾತ್ರ ಮುಗಿಯಿತು. ಅಂತಹ ಗಳಿಗೆಯಲ್ಲಿ ಹತ್ತಿರ ಓಡಿಹೋಗಿ ಮುಟ್ಟಬೇಕಾದ ದೊಡ್ಡ ಮಂತ್ರಕ್ಕಿಂತ ದೂರದಿಂದ ಕೇಳಿಸುವ ಚಿಕ್ಕ ಮಾತು ಮೇಲು.

ಆಮೇಲೆ ಹೊಟ್ಟೆ. ‘ಗುಡ್‌ಬೆರಿ’ ಮಂತ್ರದಿಂದ ಹತ್ತು ಹಣ್ಣುಗಳು ಹುಟ್ಟುತ್ತವೆ. ಒಂದು ಹಣ್ಣು ತಿಂದರೆ ಒಬ್ಬನಿಗೆ ಒಂದು ದಿನದ ಊಟ. ಎಳ್ಳಷ್ಟು ಗಾಯವೂ ಮಾಯುತ್ತದೆ. ವಿಶ್ವಾಮಿತ್ರನು ರಾಮಲಕ್ಷ್ಮಣರಿಗೆ ಹಸಿವು ಬಾಯಾರಿಕೆಗಳು ಬಾಧಿಸದಿರಲೆಂದು ಉಪದೇಶಿಸಿದ ಬಲಾ ಅತಿಬಲಾ ಮಂತ್ರಗಳ ನೆನಪು ಇಲ್ಲಿ ಬಾರದಿರದು. ಇದರಲ್ಲಿ ಇನ್ನೊಂದು ಗುಟ್ಟಿದೆ. ಹಣ್ಣುಗಳ ಗುಣ ಇಪ್ಪತ್ತನಾಲ್ಕು ಗಂಟೆ ಉಳಿಯುತ್ತದೆ. ದಿನದ ಕೊನೆಯಲ್ಲಿ ಉಳಿದ ಪ್ರಯೋಗಗಳನ್ನು ಮಲಗುವ ಮುನ್ನ ಹಣ್ಣಾಗಿ ಮಾಡಿಟ್ಟರೆ, ಬೆಳಿಗ್ಗೆ ಹೊಸ ಪ್ರಯೋಗಗಳು ಬರುವ ಹೊತ್ತಿಗೆ ಹಣ್ಣುಗಳೂ ಚೀಲದಲ್ಲಿರುತ್ತವೆ. ಉಳಿದ ಹಾಲಿಗೆ ರಾತ್ರಿ ಹೆಪ್ಪು ಹಾಕುವ ಗೃಹಿಣಿಯ ಜಾಣ್ಮೆ ಇದು.

ಮೂರನೆಯದು ದಾರಿ. ‘ಪಾಸ್ ವಿದೌಟ್ ಟ್ರೇಸ್’ ಉಳಿಯಿತು. ನಾಲ್ಕನೆಯದು ಸುದ್ದಿ. ಪ್ರಾಣಿಪಕ್ಷಿಗಳೊಡನೆ ಮಾತನಾಡಿಸುವ ‘ಸ್ಪೀಕ್ ವಿತ್ ಆ್ಯನಿಮಲ್ಸ್’ ಅನ್ನು ಅವಸರವಿಲ್ಲದಾಗ ಹತ್ತು ನಿಮಿಷ ಹೆಚ್ಚು ವ್ಯಯಿಸಿ ವಿಧಿಪೂರ್ವಕವಾಗಿ ನುಡಿದರೆ ಪ್ರಯೋಗದ ಲೆಕ್ಕಕ್ಕೆ ಬರುವುದಿಲ್ಲ; ಪುಕ್ಕಟೆ! ಐದನೆಯದು ಕಾಳಗ. ಒಂದೇ ಸಾಕೆಂದು ‘ಎಂಟ್ಯಾಂಗಲ್’ ಇಟ್ಟುಕೊಂಡಳು. ಶತ್ರುವನ್ನು ಕೊಲ್ಲದೆ ಕಟ್ಟಿಹಾಕಿದರೂ ಓಡಿಹೋಗಲು ಹೊತ್ತು ಸಿಕ್ಕುತ್ತದೆ. ಈಗ ಏಕಾಗ್ರತೆ ಬೇಡುವ ಮಂತ್ರಗಳು ಎರಡೇ; ಒಂದು ನಡೆಯುವಾಗ, ಇನ್ನೊಂದು ಕಾದುವಾಗ. ಒಲೆಗಾಗಿ ಜಗಳವಿಲ್ಲ.

ಆರನೆಯ ಸ್ಥಾನಕ್ಕೆ ಬಂದಾಗ ಸೀಸದ ಕಡ್ಡಿ ಮತ್ತೆ ಬಾಯಿಗೆ ಹೋಯಿತು. ಒಂದು ಕಡೆ ಅವಳ ಮೆಚ್ಚಿನ ‘ಮೂನ್‌ಬೀಮ್’. ಇನ್ನೊಂದು ಕಡೆ ‘ಲೆಸರ್ ರೆಸ್ಟೊರೇಷನ್’. ವಿಷವನ್ನೋ ರೋಗವನ್ನೋ ಕುರುಡನ್ನೋ ನೀಗುವ, ನೋಡುವವರ ಕಣ್ಣಿಗೆ ಏನೂ ಕಾಣಿಸದ ಸಪ್ಪೆ ಮಂತ್ರ. ಬೆಳದಿಂಗಳಿಳಿಸುವ ಆಸೆಯಿಂದಲೇ ಅವಳು ಈ ಪಾತ್ರವನ್ನು ವಹಿಸಿದ್ದು. ಅವಳು ಒಮ್ಮೆ ಮೂವರ ಮುಖವನ್ನೂ ನೋಡಿದಳು. ಸಪ್ಪೆ ಮಂತ್ರವನ್ನೇ ಬರೆದಳು.

ಕಾಡಿನೊಳಗೆ

ಆಟ ಮೊದಲಾಯಿತು. ಬೆಳಗಿನ ಮಂಜಿನಲ್ಲಿ ಕಾಗೆಯೊಂದನ್ನು ಮಾತನಾಡಿಸಿ, ದರೋಡೆಗಾರರು ಬೀಡುಬಿಟ್ಟಿರುವ ದಿಣ್ಣೆ ಯಾವುದೆಂದು ಅವಳು ತಿಳಿದುಕೊಂಡಳು. ಹೆಜ್ಜೆಯ ಸಪ್ಪಳ ಮರೆಸಿ ಅವರ ಪಕ್ಕದಲ್ಲಿಯೇ ನಾಲ್ವರೂ ದಾಟಿದರು. ದೊಡ್ಡ ಪ್ರಯೋಗಗಳಲ್ಲಿ ಒಂದು ವೆಚ್ಚವಾಯಿತು. ನಡುಹಗಲಿನಲ್ಲಿ ಮಾಂತ್ರಿಕನನ್ನು ಹಾವು ಕಚ್ಚಿತು. ವಿಷವೇರಿದ ಅವನನ್ನು ನಡೆಸುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. ಆಗ ಸಪ್ಪೆ ಮಂತ್ರ ಕೈಹಿಡಿಯಿತು. ದೊಡ್ಡ ಪ್ರಯೋಗಗಳು ಮುಗಿದವು.

ಸಂಜೆ ಹಗ್ಗದ ಸೇತುವೆಯ ಬಳಿ ದರೋಡೆಗಾರರ ಇನ್ನೊಂದು ಗುಂಪು ಅಡ್ಡಗಟ್ಟಿತು. ಬಳ್ಳಿಗಳು ನಾಲ್ವರ ಕಾಲು ಹಿಡಿದವು; ಐದನೆಯವನ ಬಾಣಕ್ಕೆ ಕಳ್ಳ ಸೇತುವೆಯ ಮೇಲೆಯೇ ಒರಗಿದ. ಕಳ್ಳನ ಪಾತ್ರ ವಹಿಸಿದ್ದವನು ಸಾವಿನ ದಾಳ ಉರುಳಿಸಿದ: ಸೋಲು. ಮತ್ತೊಮ್ಮೆ ಉರುಳಿಸಿದ: ಸೋಲು. ಅವಳು ಅಷ್ಟರಲ್ಲಿ ಓಡಿಬಂದು ಅರವತ್ತು ಅಡಿಯ ಅಳತೆಯೊಳಗೆ ಸೇರಿದ್ದಳು. ಮಾತು ನುಡಿದಳು. ಕಳ್ಳ ಕಣ್ಣು ತೆರೆದ. ತೆವಳುತ್ತ ಆಚೆ ದಡ ಸೇರಿದ. ಮೇಜಿನ ಸುತ್ತ ಎಲ್ಲರೂ ತಡೆಹಿಡಿದಿದ್ದ ಉಸಿರನ್ನು ಬಿಟ್ಟರು.

ರಾತ್ರಿ ಹಳ್ಳಿ ತಲುಪಿದಾಗ ಅವಳಲ್ಲಿ ಚಿಕ್ಕ ಪ್ರಯೋಗಗಳು ಎರಡು ಉಳಿದಿದ್ದವು. ಎರಡನ್ನೂ ಹಣ್ಣಾಗಿಸಿದಳು. ಜ್ವರದಿಂದ ಎದ್ದು ಕುಳಿತಿದ್ದರೂ ತಿನ್ನಲು ಕಾಳಿಲ್ಲದ ಮನೆಗಳಿಗೆ ಇಪ್ಪತ್ತು ಹಣ್ಣುಗಳು ಹಂಚಿಹೋದವು. ಸೂತ್ರಧಾರನ ಕಥೆಯಲ್ಲಿ ಅದು ಬರೆದಿರಲಿಲ್ಲ.

ಮಂತ್ರದ ಭಯ

ಈ ‘ಮಂತ್ರ’ ಎಂಬ ಮಾತೇ ಒಂದು ಕಾಲದಲ್ಲಿ ಅಮೆರಿಕದ ತಂದೆತಾಯಿಗಳನ್ನು ಹೆದರಿಸಿತ್ತು. ೧೯೮೦ರ ದಶಕದಲ್ಲಿ, ಆಟವು ಮಕ್ಕಳಿಗೆ ನಿಜವಾದ ಮಾಟವನ್ನು ಕಲಿಸುತ್ತದೆಂದೂ ಅವರ ಬುದ್ಧಿ ಕೆಡಿಸುತ್ತದೆಂದೂ ಅಲ್ಲಿ ದೊಡ್ಡ ಕೂಗೆದ್ದಿತು. ೧೯೮೫ರಲ್ಲಿ ಹೆಸರಾಂತ ದೂರದರ್ಶನ ಕಾರ್ಯಕ್ರಮವೊಂದು ಈ ಆರೋಪಗಳನ್ನು ದೇಶಕ್ಕೆಲ್ಲ ತೋರಿಸಿತು. ಆದರೆ ಆಟದ ಪುಸ್ತಕದಲ್ಲಿ ಜಪಿಸಲು ಒಂದು ಅಕ್ಷರವೂ ಇಲ್ಲ. ಇರುವುದು ಅಡಿಗಳ, ನಿಮಿಷಗಳ, ದಾಳಗಳ ಲೆಕ್ಕ. ಹೆದರಿದ ಹಿರಿಯರು ಮಕ್ಕಳ ಪಕ್ಕದಲ್ಲಿ ಒಂದು ಸಂಜೆ ಕುಳಿತಿದ್ದರೆ ಅವರು ಕಾಣುತ್ತಿದ್ದುದು ಇಷ್ಟನ್ನೇ: ನಾಳೆ ಗೆಳೆಯರಿಗೆ ಏನು ಬೇಕಾದೀತೆಂದು ಯೋಚಿಸುತ್ತ ಕುಳಿತ ಮಕ್ಕಳನ್ನು.

ತರುಣಿಯ ಪಾತ್ರ ಐದನೆಯ ಮಟ್ಟಕ್ಕೇರಿದಾಗ ಹೊಸ ಮಂತ್ರಗಳು ಕೈಗೆಟುಕುತ್ತವೆ. ಮೋಡದಿಂದ ಸಿಡಿಲಿಳಿಸುವ ‘ಕಾಲ್ ಲೈಟ್ನಿಂಗ್’ ಅದರಲ್ಲೊಂದು. ‘ಪ್ಲಾಂಟ್ ಗ್ರೋತ್’ ಇನ್ನೊಂದು. ಅದನ್ನು ಎಂಟು ಗಂಟೆಗಳ ಕಾಲ ನುಡಿದರೆ ಸುತ್ತ ಅರ್ಧ ಮೈಲಿಯ ನೆಲ ಒಂದು ವರ್ಷ ಇಮ್ಮಡಿ ಬೆಳೆ ಕೊಡುತ್ತದೆ. ಆ ಹಳ್ಳಿ ಇನ್ನೂ ಅವಳ ನೆನಪಿನಲ್ಲಿದೆ. ಹಾಳೆಯ ಅಂಚಿನಲ್ಲಿ ಅವಳು ಈಗಲೇ ಎರಡನೆಯ ಮಂತ್ರದ ಹೆಸರನ್ನು ಸಣ್ಣದಾಗಿ ಬರೆದಿಟ್ಟುಕೊಂಡಿದ್ದಾಳೆ. ಪಕ್ಕದಲ್ಲಿ ಇನ್ನೂ ಸಣ್ಣದಾಗಿ, ಅಳಿಸದೆ, ‘ಮೂನ್‌ಬೀಮ್’ ಎಂದೂ ಬರೆದಿದ್ದಾಳೆ.